ತೊಟ್ಟಿಕ್ಕುವ ನಲ್ಲಿಯ ಯಥಾಸ್ಥಿತಿ

ನಲ್ಲಿಯ ಬಾಯಿಯಿಂದ ಕಳಚಿಕೊಂಡ ಒಂದು ತೊಟ್ಟು ನೀರು ಕೆಳಗಿಟ್ಟ ತಟ್ಟೆ ಮುಟ್ಟಲು ಕಾಲು ಸೆಕೆಂಡು ಹಿಡಿಯುತ್ತದೆ. ಸಾಮ್ರಾಜ್ಯಗಳು ಉರುಳಿದ ಕಾರಣಗಳನ್ನು ಬರೆದಿಟ್ಟ ಪಂಡಿತರು ಈ ಕಾಲು ಸೆಕೆಂಡನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ತಪ್ಪು ಅವರದಲ್ಲ; ಅವರಿಗೆ ನಮ್ಮ ಕರಡಪ್ಪನ ಪರಿಚಯವಿರಲಿಲ್ಲ. ಆ ಕಾಲು ಸೆಕೆಂಡನ್ನು ಹಿಡಿಯಲು ಹೋಗಿ ಅವನು ಹನ್ನೊಂದು ವರ್ಷ ಕಾದು ಪಡೆದ ಮನೆಯನ್ನೇ ಪಣಕ್ಕೊಡ್ಡಿದ ವೃತ್ತಾಂತವನ್ನು, ವಿಷಯದ ಘನತೆಗೆ ಕುಂದು ಬಾರದಂತೆ, ಇಲ್ಲಿ ನಿರೂಪಿಸಬೇಕಾಗಿದೆ.

ಕರಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಯಿಂದ ಹೊರಡುವ ಪ್ರತಿಯೊಂದು ಪತ್ರದ ಕರಡೂ ಅವನ ಮೇಜನ್ನು ಹಾದೇ ಹೋಗಬೇಕಾದ್ದರಿಂದ ಸಹೋದ್ಯೋಗಿಗಳು ಇಟ್ಟದ್ದು. ಹೆತ್ತವರಿಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿ ಸವೆದ ಮೇಲೆ ಅವನಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು: ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದು ಕೊಟ್ಟ ಮಾತು ಮನುಷ್ಯನನ್ನು ಕಾಪಾಡುತ್ತದೆ. ಹೆಂಡತಿಗೆ ಜ್ವರ ಬಂದಾಗ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭಿಸಿ ಒಂದು ಹಾಳೆ ಬರೆದು ಡಾಕ್ಟರ ಕೈಗೆ ಕೊಟ್ಟ ಮಹಾನುಭಾವ ಅವನು. ಡಾಕ್ಟರು ಅದನ್ನು ಓದಿ ಅವನ ನಾಡಿ ಹಿಡಿದು ನೋಡಿದರಂತೆ.

ಅವನ ಮನೆ ಸರ್ಕಾರಿ ನೌಕರರ ವಸತಿಗೃಹದ ಮೂರನೇ ಬ್ಲಾಕಿನ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಗಾಳಿ ಬೆಳಕು ಬರುವ ಒಂದು ಕಿಟಕಿ. ಕಿಟಕಿಯ ಕೆಳಗೇ ಮಗಳ ಕಾಲೇಜಿನ ಕಾಂಪೌಂಡು. ಮೊದಲ ಗಂಟೆ ಹೊಡೆದಾಗ ಹುಡುಗಿ ತಲೆ ಬಾಚುತ್ತಿದ್ದಳು. ಎರಡನೇ ಗಂಟೆಗೆ ಬೆಂಚಿನ ಮೇಲಿರುತ್ತಿದ್ದಳು. ಕರಡಪ್ಪನ ಹೆಂಡತಿ ನೆಂಟರಿಗೆಲ್ಲ ಹೇಳುತ್ತಿದ್ದಳು: "ಇವರನ್ನ ಕಟ್ಕೊಂಡು ನಾನು ಕಂಡಿದ್ದು ಎರಡೇ. ಒಂದು ಮಗಳು, ಒಂದು ಈ ಮನೆ. ಮಗಳಲ್ಲಿ ನನ್ನ ಪಾಲೂ ಇದೆ ಅನ್ನಿ. ಮನೆ ಮಾತ್ರ ಪೂರ್ತಿ ಅವರೇ ತಂದಿದ್ದು. ಅದೊಂದು ಪುಣ್ಯ ಅವರ ಹೆಸರಲ್ಲಿರಲಿ."

ಆ ಪುಣ್ಯಕ್ಕೆ ಒಂದೇ ಒಂದು ಕಲೆ. ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊಸ ವಾಷರ್ ಹಾಕಿದರೆ ನಿಲ್ಲುವಂಥದ್ದು. ಆದರೆ ಸರ್ಕಾರಿ ನಲ್ಲಿಯನ್ನು ಸರ್ಕಾರವೇ ಮುಟ್ಟಬೇಕು. ಕರಡಪ್ಪ ಮೂರು ವರ್ಷದ ಹಿಂದೆ ದೂರು ಬರೆದ. ಆಮೇಲೆ ಒಂದರ ಬೆನ್ನಿಗೊಂದರಂತೆ ಹನ್ನೊಂದು ನೆನಪೋಲೆ ಬರೆದ. ಒಂದೊಂದರಲ್ಲೂ ಅದಕ್ಕಿಂತ ಹಿಂದಿನವುಗಳನ್ನೆಲ್ಲ ಉಲ್ಲೇಖಿಸಬೇಕಾದ್ದರಿಂದ ಹನ್ನೊಂದನೆಯದರಲ್ಲಿ ಉಲ್ಲೇಖ ಮುಗಿಯುವ ಹೊತ್ತಿಗೆ ಹಾಳೆ ಮುಗಿದು, ನಲ್ಲಿಯ ವಿಷಯಕ್ಕೆ ಜಾಗ ಸಾಲಲಿಲ್ಲ.

ಹೀಗಿರುವಾಗ ಷಡ್ಡಕನ ಮನೆಗೆ ಹೋದದ್ದೇ ಅನರ್ಥಕ್ಕೆ ಮೂಲವಾಯಿತು.

ಒಬ್ಬನೇ ಮಾವನ ಇಬ್ಬರು ಅಳಿಯಂದಿರ ನಡುವಿನ ಸಂಬಂಧಕ್ಕೆ ಷಡ್ಡಕ ಎಂಬ ಒರಟು ಪದವನ್ನೇ ನಮ್ಮ ಹಿರಿಯರು ಆರಿಸಿದ್ದು ಸುಮ್ಮನೆ ಅಲ್ಲ. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕನಿಗೆ ಟೈಲ್ಸ್ ಅಂಗಡಿಯಿತ್ತು, ಕಾರಿತ್ತು, ಹಜಾರದ ಗೋಡೆಯ ಮೇಲೆ ಬಾಗಿಲಿನಷ್ಟಗಲದ ಒಂದು ಜಲಪಾತದ ಫೋಟೋ ಇತ್ತು. ಅವನೇ ತೆಗೆದದ್ದು.

"ಎರಡು ಗಂಟೆ ಬಂಡೆ ಮೇಲೆ ಕೂತಿದ್ದೆ ಅಣ್ಣ, ಈ ಒಂದು ಫೋಟೋಗೆ. ನೋಡಿ, ನೀರು ಹಾಲಿನ ಥರ ಇಳೀತಿದೆ."

"ಹಾಲು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು?" ಎಂದ ಕರಡಪ್ಪ.

ಯಾರೂ ನಗಲಿಲ್ಲ. ನಾದಿನಿ ಗಂಡನಿಗೆ, "ಭಾವನಿಗೆ ಇದೆಲ್ಲ ಗೊತ್ತಾಗಲ್ಲ, ಬಿಡಿ" ಎಂದಳು. ಷಡ್ಡಕ ದೊಡ್ಡ ಮನಸ್ಸು ಮಾಡಿ ಒಳಗಿನಿಂದ ಒಂದು ಹಳೆಯ ಕ್ಯಾಮೆರಾ ತಂದ. "ನಾನು ಹೊಸದು ತಗೊಂಡಿದೀನಿ. ಇದು ಸುಮ್ನೆ ಧೂಳು ತಿಂತಿದೆ, ತಗೊಂಡು ಹೋಗಿ. ಮಗಳ ಫೋಟೋ ಗೀಟೋ ತೆಗೀಬಹುದು. ನೀರಿನ ತಂಟೆಗೆ ಮಾತ್ರ ಹೋಗ್ಬೇಡಿ ಅಣ್ಣ. ಅದು ಎಲ್ಲರ ಕೈಗೂ ಸಿಗಲ್ಲ."

ಕ್ಯಾಮೆರಾ ಚೀಲದಲ್ಲಿ ಮನೆಗೆ ಬಂತು. ಮಾತು ಹೊಟ್ಟೆಯಲ್ಲಿ ಬಂತು. ಅದು ಅರಗಲಿಲ್ಲ.

ಗ್ರಂಥಾಲಯದ ಒಂದು ಮಾಸಪತ್ರಿಕೆಯಲ್ಲಿ ಕರಡಪ್ಪ ತನಗೆ ಬೇಕಾದ್ದನ್ನು ಹುಡುಕಿಕೊಂಡ. ಜಲಪಾತಕ್ಕೆ ಹೋಗಬೇಕಾಗಿಲ್ಲ, ನೀರಿನ ಒಂದು ತೊಟ್ಟು ಸಾಕು. ಅಂಚಿನವರೆಗೆ ನೀರು ತುಂಬಿದ ತಟ್ಟೆಗೆ ತೊಟ್ಟು ಬಿದ್ದಾಗ ಸುತ್ತ ಒಂದು ಕಿರೀಟ ಏಳುತ್ತದೆ. ನಡುವಿನಿಂದ ಒಂದು ಕಂಬ ಏಳುತ್ತದೆ. ಆ ಕಂಬದ ತಲೆಗೆ ಮುಂದಿನ ತೊಟ್ಟು ಬಂದು ಬಡಿದರೆ ನೀರು ಅಣಬೆಯಂತೆ ಅರಳುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಂಡೀತು, ಗುಂಡಿ ಒತ್ತುವವನಿಗೆ ಹೊತ್ತು ಗೊತ್ತಿದ್ದರೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಡಿಗೆಮನೆಯ ಪರದೆ ಎಳೆದ. ಅಗಲ ತಟ್ಟೆಗೆ ನೀರು ಹಾಕಿದ; ಬಣ್ಣಕ್ಕೆ ಕೆಂಪು ಶಾಯಿ, ಮಂದಕ್ಕೆ ಅರ್ಧ ಚಮಚ ಹಾಲು. ಹಿನ್ನೆಲೆ ಕಪ್ಪಗಿರಬೇಕೆಂದು ಹೆಂಡತಿಯ ಕೈಗೆ ಕೊಡೆ ಬಿಚ್ಚಿಕೊಟ್ಟು ನಲ್ಲಿಯ ಹಿಂದೆ ನಿಲ್ಲಿಸಿದ.

"ಮಳೆಯಿಲ್ಲ ಬಿಸಿಲಿಲ್ಲ, ಅಡಿಗೆಮನೇಲಿ ಕೊಡೆ ಹಿಡ್ಕೊಂಡು ನಿಂತಿದೀನಿ. ಯಾರಾದ್ರೂ ಕಂಡ್ರೆ ಏನಂತಾರ್ರೀ?"

"ಅಲ್ಲಾಡಬೇಡ."

"ಮದುವೆಯಾದಾಗಿಂದ ಅಲ್ಲಾಡಿಲ್ಲ."

ಮೊದಲು ಕಣ್ಣಿನ ಔಷಧದ ಸೀಸೆಯಿಂದ ತೊಟ್ಟು ಬಿಟ್ಟು ನೋಡಿದ. ಒಂದು ತೊಟ್ಟು ಬೇಗ ಬಿತ್ತು, ಒಂದು ತಡವಾಗಿ, ಒಂದು ತಟ್ಟೆಯ ಹೊರಗೆ. ಬೇಸತ್ತು ತಲೆಯೆತ್ತಿದಾಗ ಎದುರಿಗೆ ನಲ್ಲಿ ಕಂಡಿತು. ಟಪ್. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಮತ್ತೆ ಟಪ್. ಮೂರು ವರ್ಷದಿಂದ ಯಾವುದನ್ನು ಶತ್ರುವೆಂದು ತಿಳಿದಿದ್ದನೋ ಅದು ಮೂರು ಸೆಕೆಂಡಿಗೊಂದರಂತೆ, ಹಗಲಿರುಳು, ರಜೆಯಿಲ್ಲದೆ, ಒಂದೇ ಗಾತ್ರದ ತೊಟ್ಟು ಬಿಡುತ್ತ ನಿಂತಿತ್ತು. ಅಂಥ ಶಿಸ್ತನ್ನು ಅವನು ಇಲಾಖೆಯಲ್ಲಿ ಬೇರೆಲ್ಲೂ ಕಂಡಿರಲಿಲ್ಲ. ತಟ್ಟೆಯನ್ನು ನಲ್ಲಿಯ ಕೆಳಗೆ ಸರಿಸಿದ.

ಮೊದಲ ದಿನ ನೂರ ನಲವತ್ತು ಫೋಟೋ ತೆಗೆದ. ಅವುಗಳಲ್ಲಿ ಅರ್ಧ, ತೊಟ್ಟು ಬೀಳುವ ಮೊದಲಿನ ತಟ್ಟೆ. ಉಳಿದರ್ಧ, ತೊಟ್ಟು ಬಿದ್ದು ಎಲ್ಲ ಶಾಂತವಾದ ಮೇಲಿನ ತಟ್ಟೆ. ತಟ್ಟೆಯೊಂದರ ಬಗ್ಗೆ ಇಷ್ಟು ಸಮಗ್ರವಾದ ದಾಖಲೆ ಪ್ರಪಂಚದಲ್ಲಿ ಬೇರೆಲ್ಲೂ ಇರಲಾರದು. ತೊಟ್ಟು ಕಂಡಮೇಲೆ ಒತ್ತಿದರೆ ತಡವಾಯಿತು, ಕಾಣುವ ಮೊದಲೇ ಒತ್ತಬೇಕು ಎಂದು ಎರಡನೇ ಭಾನುವಾರ ಹೊಳೆಯಿತು. ಅಲ್ಲಿಂದ ಎಣಿಕೆ ಶುರುವಾಯಿತು. "ಒಂದು, ಎರಡು, ಮೂ..." ಫಳಕ್. "ಅಯ್ಯೋ, ಹೋಯ್ತು!" ಮತ್ತೆ "ಒಂದು, ಎರಡು, ಮೂ..." ಫಳಕ್. "ಹೋಯ್ತು!"

ಈ ಎಣಿಕೆ ಕೆಳಮನೆಗೆ ಕೇಳಿಸುತ್ತಿತ್ತು. ಕೆಳಮನೆಯಲ್ಲಿದ್ದವರು ಶೀಘ್ರಲಿಪಿಗಾರ್ತಿ, ಬ್ಲಾಕಿನವರಿಗೆಲ್ಲ ಸ್ಟೆನೋ ಅಮ್ಮ. ಕಿವಿಗೆ ಬಿದ್ದದ್ದು ಕೈಯಲ್ಲಿ ಇಳಿಯದಿದ್ದರೆ ಆಕೆಗೆ ಬೆರಳು ಜುಮುಗುಡುತ್ತದೆ. ಭಾನುವಾರ ಮಧ್ಯಾಹ್ನ ಮೇಲಿನ ಮನೆಯ ಪರದೆ ಮುಚ್ಚುವುದು, ಪರದೆಯ ಸಂದಿಯಲ್ಲಿ ಮಿಂಚು ಹೊಡೆಯುವುದು, ತಮ್ಮ ಕಿಟಕಿಯ ಪಕ್ಕದ ಕೊಳವೆಯಲ್ಲಿ ಕೆಂಪು ನೀರು ಇಳಿಯುವುದು, ಎಲ್ಲವನ್ನೂ ಹೊತ್ತು ಸಮೇತ ಗೀಚಿಕೊಂಡರು. ಕಚೇರಿಯ ಜವಾನ ಇಸ್ತ್ರಿ ಅಂಗಿ ತೊಟ್ಟು ಮೇಲೆ ಹತ್ತಿದ್ದನ್ನೂ ಬರೆದುಕೊಂಡರು. ಕರಡಪ್ಪನ ಬಳಿ ಕ್ಯಾಮೆರಾ ಇದೆಯೆಂದು ತಿಳಿದು ಅವನು ಗುರುತಿನ ಚೀಟಿಗೆ ಒಂದು ಫೋಟೋ ತೆಗೆಸಿಕೊಳ್ಳಲು ಹೋಗಿದ್ದ. ಸ್ಟೆನೋ ಅಮ್ಮನ ಅಣ್ಣ ವಸತಿಗೃಹಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಮೊದಲನೆಯವನಾಗಿದ್ದುದಕ್ಕೂ ಈ ಆಸಕ್ತಿಗೂ ಸಂಬಂಧವಿಲ್ಲವೆಂದು ಆಕೆಯೇ ಹೇಳಿದ್ದಾರೆ. ನಾವು ನಂಬೋಣ.

ಆರನೇ ಭಾನುವಾರದ ಹೊತ್ತಿಗೆ ಕರಡಪ್ಪನಿಗೆ ಕಿರೀಟದ ಒಂದು ಮೂಲೆ ಸಿಕ್ಕಿತ್ತು. ಮಾರನೇ ದಿನ ಬೆಳಗ್ಗೆ ಬಾಗಿಲು ತಟ್ಟಿದ್ದು ಯಾರೆಂದು ತೆರೆದು ನೋಡಿದರೆ, ಸರ್ಕಾರದ ನಲ್ಲಿ ಮೇಸ್ತ್ರಿ. ಮೂರು ವರ್ಷದ ನಂತರ. ಕೈಯಲ್ಲಿ ನಲ್ಲಿ ತಿರುಗಿಸುವ ಪಾನ, ತುಟಿಯ ನಡುವೆ ವಾಷರ್.

"ಎಲ್ಲಿ ಸಾರ್ ನಲ್ಲಿ?"

ಕರಡಪ್ಪ ಬಾಗಿಲಿಗೆ ಅಡ್ಡ ನಿಂತ. "ಬೇಡ."

"ಏನು ಬೇಡ?"

"ರಿಪೇರಿ ಬೇಡ. ಸೋರ್ಲಿ."

ಮೇಸ್ತ್ರಿ ವಾಷರನ್ನು ಬಾಯಿಂದ ತೆಗೆದ. "ಸಾರ್, ಹನ್ನೊಂದು ಕಾಗದ ಬರೆದಿದೀರಂತೆ. ಸಾಹೇಬ್ರು ನನ್ನ ಜನ್ಮ ಜಾಲಾಡಿ ಕಳಿಸಿದಾರೆ. ಹಾಗೇ ಹೋದ್ರೆ ನನ್ನ ಕೆಲಸ ಹೋಗುತ್ತೆ."

"ನೀನು ಕೈ ಹಾಕಿದ್ರೆ ನನ್ನ ಕೆಲಸ ಹೋಗುತ್ತಲ್ಲಪ್ಪ."

"ಹಂಗಾದ್ರೆ ಬೇಡ ಅಂತ ಬರೆದು ಕೊಡಿ."

ಮೊದಲೇ ಮರ್ಕಟ, ಮೇಲೆ ಹೆಂಡ ಕುಡಿಸಿದರು. ಬರೆದು ಕೊಡು ಎಂದು ಕರಡಪ್ಪನಿಗೆ ಯಾರೂ ಹೇಳಬಾರದು. ಒಳಗಿನಿಂದ ಹೆಂಡತಿ, "ರೀ, ಹಾಕ್ಲಿ ಬಿಡ್ರೀ, ಮೂರು ವರ್ಷದಿಂದ ಬಕೆಟ್ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ" ಎಂದು ಕೂಗುವಷ್ಟರಲ್ಲಿ ಅವನು ಹಾಳೆ ಮಡಚಿ ಅಂಚು ಬಿಟ್ಟು ಬರೆಯತೊಡಗಿದ್ದ. ಆ ಪತ್ರದ ಮುಖ್ಯ ಭಾಗ ಹೀಗಿತ್ತು:

"ಸದರಿ ಸೋರಿಕೆಯು ಪ್ರಸ್ತುತ ನನ್ನ ಕೆಲಸಕ್ಕೆ ಅತ್ಯಗತ್ಯವಾಗಿರುವುದರಿಂದಲೂ, ಅದು ನಿಂತಲ್ಲಿ ನನಗೆ ತುಂಬಲಾರದ ನಷ್ಟವುಂಟಾಗುವುದರಿಂದಲೂ, ನನ್ನ ದೂರನ್ನೂ ಹನ್ನೊಂದು ನೆನಪೋಲೆಗಳನ್ನೂ ಈ ಮೂಲಕ ಹಿಂಪಡೆಯುತ್ತ, ನಲ್ಲಿಯ ಯಥಾಸ್ಥಿತಿಯನ್ನು ಕಾಪಾಡಬೇಕಾಗಿ ಪ್ರಾರ್ಥಿಸುತ್ತೇನೆ."

ಬರೆದು ಎರಡು ಸಲ ಓದಿಕೊಂಡ. ಒಂದು ಅಕ್ಷರವನ್ನೂ ತಿದ್ದುವಂತಿರಲಿಲ್ಲ.

ಆ ಪತ್ರ ಅವನ ಕಚೇರಿಯದೇ ವಸತಿ ಶಾಖೆಯನ್ನು ತಲುಪಿದ ದಿನ ಅಲ್ಲಿ ಬೇರೆ ಕೆಲಸ ನಡೆಯಲಿಲ್ಲ. ದೂರಿನ ಪುಸ್ತಕದಲ್ಲಿ ಬಂದದ್ದಕ್ಕೊಂದು ಕಾಲಂ, ಬಾಕಿಯದಕ್ಕೊಂದು ಕಾಲಂ ಇತ್ತು. ಹಿಂಪಡೆದದ್ದಕ್ಕೆ ಇರಲಿಲ್ಲ. ಇಲಾಖೆ ಹುಟ್ಟಿದಂದಿನಿಂದ ದೂರು ಕೊಟ್ಟವರು ವರ್ಗವಾಗಿದ್ದಾರೆ, ನಿವೃತ್ತರಾಗಿದ್ದಾರೆ, ತೀರಿಕೊಂಡಿದ್ದಾರೆ, ಹಿಂಪಡೆದವರಿಲ್ಲ. ಕಿರಿಯ ಎಂಜಿನಿಯರು ಪತ್ರ ಹಿಡಿದುಕೊಂಡು ವಸತಿ ಅಧಿಕಾರಿಯ ಕೋಣೆಗೆ ಓಡಿದರು.

"ಸಾರ್, ಸೋರಿಕೆ ನನ್ನ ಕೆಲಸಕ್ಕೆ ಅತ್ಯಗತ್ಯ ಅಂತ ಬರೆದಿದಾನೆ."

"ಅವನ ಕೆಲಸ ಕಚೇರೀಲಲ್ವೇನ್ರೀ?"

"ಅದೇ ಸಾರ್ ನಾನೂ ಹೇಳೋದು."

"ನಿಂತ್ರೆ ನಷ್ಟ ಅಂತ ಬೇರೆ ಇದೆ. ನಿಂತ್ರೆ ನಷ್ಟ ಅಂದ್ರೆ, ಸೋರಿದ್ರೆ ಲಾಭ ಅಂತಾಯ್ತು. ಏನು ಮಾಡ್ತಾನೆ ಆ ನೀರಲ್ಲಿ?"

"ಎಮ್ಮೆ ಗಿಮ್ಮೆ ಸಾಕಿದಾನೇನೋ ಸಾರ್."

"ಎರಡನೇ ಮಹಡೀಲಾ?"

ಎಂಜಿನಿಯರು ಮನಸ್ಸಿನಲ್ಲೇ ಗುಣಿಸಿ ನೋಡಿದರು. "ಮೂರು ಸೆಕೆಂಡಿಗೆ ಒಂದು ತೊಟ್ಟು ಸಾರ್. ಎಮ್ಮೆ ಮೈ ಒದ್ದೆಯಾಗೋದ್ರೊಳಗೆ ಒಣಗಿರುತ್ತೆ. ಎಮ್ಮೆ ಅಲ್ಲ."

ಅದು ಏನು ಎಂಬುದನ್ನು ಆ ವಾರವೇ ಸ್ಟೆನೋ ಅಮ್ಮ ಬಿಡಿಸಿದರು. ಆಕೆಯ ಟಿಪ್ಪಣಿಯಲ್ಲಿ ಮಿಂಚಿತ್ತು, ಎಣಿಕೆಯಿತ್ತು, ಕೆಂಪು ನೀರಿತ್ತು, ಇಸ್ತ್ರಿ ಅಂಗಿ ತೊಟ್ಟ ಗಿರಾಕಿಯಿದ್ದ. ವಸತಿ ಅಧಿಕಾರಿ ಅದನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ ಕುರ್ಚಿಗೆ ಒರಗಿದರು. "ಸ್ಟುಡಿಯೋ," ಎಂದರು. "ಸರ್ಕಾರಿ ಮನೇಲಿ ಫೋಟೋ ಸ್ಟುಡಿಯೋ ಇಟ್ಟಿದಾನೆ. ಫೋಟೋ ತೊಳೆಯೋಕೆ ನೀರು ಬೇಕಲ್ಲ, ಅದಕ್ಕೆ ನಲ್ಲಿ ಸೋರ್ಬೇಕು!" ಈಗಿನ ಕಾಲದಲ್ಲಿ ಫೋಟೋವನ್ನು ಯಾರೂ ನೀರಿನಲ್ಲಿ ತೊಳೆಯುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಆದರೆ ಅಧಿಕಾರಿಗಳು ಕಂಡುಹಿಡಿದ ಮೇಲೆ ಕಂಡುಹಿಡಿದ ಹಾಗೇ. ವಸತಿಗೃಹ ನಿಯಮ ಹತ್ತೊಂಬತ್ತರ ಪ್ರಕಾರ ಅಲ್ಲಿ ಯಾವ ವೃತ್ತಿಯನ್ನೂ ವ್ಯಾಪಾರವನ್ನೂ ನಡೆಸುವಂತಿಲ್ಲ. ನಡೆಸಿದವನು ಮನೆ ಬಿಡಬೇಕು.

ಎಂಟನೇ ಭಾನುವಾರ ಮಧ್ಯಾಹ್ನ ಕರಡಪ್ಪ ತಟ್ಟೆಯ ಮಟ್ಟಕ್ಕೆ ಬಗ್ಗಿ, ಉಸಿರು ಬಿಗಿಹಿಡಿದು ಎಣಿಸುತ್ತಿದ್ದ. ಹೆಂಡತಿ ಕೊಡೆ ಹಿಡಿದು ತೂಕಡಿಸುತ್ತಿದ್ದಳು. "ಒಂದು, ಎರಡು..." ಎನ್ನುವಾಗ ಹೊರಬಾಗಿಲ ಮೇಲೆ ದಬದಬನೆ ಗುದ್ದು ಬಿತ್ತು. ಆ ಅದುರಿಗೆ ನಲ್ಲಿಯಿಂದ ಎರಡು ತೊಟ್ಟು ಬೆನ್ನುಬೆನ್ನಿಗೇ ಉದುರಿದವು; ಬೆಚ್ಚಿ ಬೆರಳು ಒತ್ತಿಕೊಂಡಿತು. ಫಳಕ್.

ಬಾಗಿಲು ತೆರೆದರೆ ವಸತಿ ಅಧಿಕಾರಿ, ಹಿಂದೆ ಕಿರಿಯ ಎಂಜಿನಿಯರು, ಅವರ ಹಿಂದೆ ಸ್ಟೆನೋ ಅಮ್ಮ, ಎಲ್ಲರ ಹಿಂದೆ ಪಾನ ಹಿಡಿದ ಮೇಸ್ತ್ರಿ. ಅಧಿಕಾರಿ ಅಡಿಗೆಮನೆಗೆ ನುಗ್ಗಿ ಕೊಡೆಯ ಕೆಳಗೆ ನಿಂತ ಹೆಂಗಸನ್ನೂ ರಕ್ತದಂಥ ನೀರು ತುಂಬಿದ ತಟ್ಟೆಯನ್ನೂ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಏನಮ್ಮ ಇದು?"

"ನನ್ನನ್ನ ಕೇಳ್ಬೇಡಿ. ನಾನು ಹಿನ್ನೆಲೆ" ಎಂದಳು ಅವಳು.

ಎಂಜಿನಿಯರು ಮಹಜರು ಬರೆಯಲು ಕೂತರು. ಕ್ಯಾಮೆರಾ ಒಂದು. ತಟ್ಟೆ ಒಂದು. ಕೊಡೆ, ಬಿಚ್ಚಿದ್ದು, ಒಂದು. ಕೆಂಪು ಶಾಯಿಯ ಸೀಸೆ ಒಂದು, ಸರ್ಕಾರದ ಮುದ್ರೆಯುಳ್ಳದ್ದು. ಇದನ್ನು ಬರೆಯುವಾಗ ಅವರು ತಲೆಯೆತ್ತಿ ಕರಡಪ್ಪನನ್ನು ನೋಡಿದರು. ಕರಡಪ್ಪನಿಗೆ ಅದಾವುದರ ಪರಿವೆಯಿರಲಿಲ್ಲ. ಅವನು ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯನ್ನು ದಿಟ್ಟಿಸುತ್ತ ನಿಂತುಬಿಟ್ಟಿದ್ದ. ಅಧಿಕಾರಿ ಬಗ್ಗಿ ನೋಡಿದರು. ಆಮೇಲೆ ಎಂಜಿನಿಯರು. ಆಮೇಲೆ ಸ್ಟೆನೋ ಅಮ್ಮ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು.

ಕಗ್ಗತ್ತಲ ನಡುವೆ ಒಂದು ಕೆಂಪು ಕಿರೀಟ ಎದ್ದು ನಿಂತಿತ್ತು. ಅದರ ಪ್ರತಿಯೊಂದು ಮೊನೆಯಲ್ಲೂ ಹರಳಿನಷ್ಟು ನೀರು. ನಡುವೆ ಎದ್ದ ಕಂಬದ ತಲೆಯ ಮೇಲೆ ಇನ್ನೊಂದು ತೊಟ್ಟು ಬಡಿದು, ಹಾಳೆಯಂತೆ ತೆಳ್ಳಗೆ, ಸುತ್ತಲೂ ಸಮನಾಗಿ ಹರಡಿ, ಬೀಳುವುದೋ ಬೇಡವೋ ಎಂಬಂತೆ ತಡೆದು ನಿಂತಿತ್ತು.

"ಇದು ನೀವು ತೆಗೆದಿದ್ದಾ?" ಅಧಿಕಾರಿಯ ದನಿ ಇಳಿದಿತ್ತು.

"ಹೌದು ಸಾರ್" ಎಂದ ಕರಡಪ್ಪ. ನ್ಯಾಯವಾಗಿ ನೋಡಿದರೆ ಅದನ್ನು ತೆಗೆದದ್ದು ಬಾಗಿಲು ಗುದ್ದಿದ ವಸತಿ ಅಧಿಕಾರಿ. ಆ ಸೂಕ್ಷ್ಮಕ್ಕೆ ಯಾರೂ ಹೋಗಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ತನ್ನ ಕೆಲಸ ಮುಗಿಸಿ ಕೈ ಒರೆಸಿಕೊಂಡ. ನಾಲ್ಕು ನಿಮಿಷ ಹಿಡಿಯಿತು.

ಕಾರಣ ಕೇಳುವ ನೋಟೀಸಿನ ಕರಡು, ಎಲ್ಲ ಕರಡುಗಳಂತೆ, ಕರಡಪ್ಪನ ಮೇಜಿಗೇ ಬಂತು. ಸರ್ಕಾರಿ ವಸತಿಗೃಹದಲ್ಲಿ ವೃತ್ತಿಪರ ಫೋಟೋ ಸ್ಟುಡಿಯೋ ನಡೆಸುತ್ತಿರುವುದು "ಕಂಡುಬಂದಿರುತ್ತದೆ" ಎಂದಿತ್ತು. ವಾಕ್ಯ ಸಪ್ಪೆಯೆನಿಸಿತು. "ನಿಸ್ಸಂದೇಹವಾಗಿ ಕಂಡುಬಂದಿರುತ್ತದೆ" ಎಂದು ತಿದ್ದಿ, ಸಹಿಗೆ ಕಳಿಸಿದ. ಸಂಜೆ ಅದೇ ನೋಟೀಸು ಅವನ ಕೈಗೆ ಬಂದಾಗ, ಎಷ್ಟು ಬಿಗಿಯಾಗಿದೆ ಎಂದು ಬೆವರಿದ.

ಶಾಖೆಯ ಮೇಲ್ವಿಚಾರಕ ಒಳ್ಳೆಯವನು. ಪಕ್ಕಕ್ಕೆ ಕರೆದು ಹೇಳಿದ: "ನೋಡಿ ಸ್ವಾಮಿ, ಹವ್ಯಾಸ ಅಪರಾಧ ಅಲ್ಲ. ವೃತ್ತಿ ಅಪರಾಧ. ಸಾಹೇಬ್ರಿಗೆ ಅನುಮಾನ ಬಂದಿರೋದೇ ಆ ಫೋಟೋ ನೋಡಿ. ಫೋಟೋ ವಿಷಯ ತಿಳಿದೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ. ಇವನಿಗೆ ಏನೂ ಬರಲ್ಲ, ಏನೋ ಕೈತಪ್ಪಿ ಬಂದಿದೆ ಅಂತ ಹೇಳಿಸಿ. ಫೈಲು ಮುಚ್ಚಿಹೋಗುತ್ತೆ, ಮನೆ ಉಳಿಯುತ್ತೆ."

ಹೆಂಡತಿ ಅಂದೇ ತಂಗಿಗೆ ಫೋನು ಮಾಡಿದಳು. ಷಡ್ಡಕ ಕಾರಿನಲ್ಲಿ ಬಂದಿಳಿದು, ಕಾಲ ಮೇಲೆ ಕಾಲು ಹಾಕಿ ಕೂತ.

"ಅಣ್ಣನಿಗೆ ಏನೂ ಬರಲ್ಲ ಅಂತ ಹೇಳೋದು ತಾನೆ ಅತ್ತಿಗೆ? ಹೇಳೋಣ. ಸುಳ್ಳು ಹೇಳೋ ಪ್ರಮೇಯವೇ ಇಲ್ವಲ್ಲ."

ಕರಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಷಡ್ಡಕ ಹೋದ ಮೇಲೆ ಹೆಂಡತಿ ಅವನ ಎದುರಿಗೆ ಬಂದು ನೆಲದ ಮೇಲೆ ಕೂತಳು. "ರೀ, ಕೇಳಿ ಇಲ್ಲಿ. ಮಗಳಿಗೆ ಇನ್ನು ಒಂದು ವರ್ಷ ಓದಿದೆ. ಈ ಮನೆ ಹೋದ್ರೆ ನಮಗೆ ಸಿಗೋದು ಊರಾಚೆ, ಎರಡು ಬಸ್ಸು ಬದಲಾಯಿಸಿ ಬರ್ಬೇಕು. ಒಂದೇ ಒಂದು ದಿನ ದಡ್ಡ ಅನ್ನಿಸ್ಕೊಳ್ಳಿ. ನಿಮಗೇನು ಹೊಸದಲ್ವಲ್ಲ."

"ಆಯ್ತು" ಎಂದ. ಮನಸಾರೆ ಹೇಳಿದ. ಮನೆ ಬಿಡುವ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು.

ವಿಚಾರಣೆ ವಸತಿ ಅಧಿಕಾರಿಯ ಕೋಣೆಯಲ್ಲಿ ನಡೆಯಿತು. ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಫೈಲಿಗೆ ಲಗತ್ತಿಸಿದ್ದರು. ಅಧಿಕಾರಿ ಫೈಲನ್ನು ಆ ಪುಟಕ್ಕೇ ತೆರೆದಿಟ್ಟುಕೊಂಡಿದ್ದರು. ಬೇರೆಯವರು ಮಾತಾಡುವಾಗಲೂ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮೊದಲು ಸ್ಟೆನೋ ಅಮ್ಮ ತಮ್ಮ ಪುಸ್ತಕ ಓದಿದರು. "ಮೂರು ಗಂಟೆ ಹತ್ತು ನಿಮಿಷ. ಒಂದು, ಎರಡು, ಮೂ. ಮಿಂಚು. ಅಯ್ಯೋ, ಹೋಯ್ತು. ಮೂರು ಗಂಟೆ ಹತ್ತೂವರೆ ನಿಮಿಷ. ಒಂದು, ಎರಡು, ಮೂ. ಮಿಂಚು. ಹೋಯ್ತು." ಹೀಗೆ ಹನ್ನೆರಡು ಪುಟ. ಎಂಟನೇ ಪುಟದಲ್ಲಿ ಕಿರಿಯ ಎಂಜಿನಿಯರು ನಿದ್ದೆಹೋದರು.

ಆಮೇಲೆ ಜವಾನನನ್ನು ಕರೆದರು. "ನೀನು ಫೋಟೋ ತೆಗೆಸಿಕೊಂಡೆಯಾ?"

"ತೆಗೆಸಿಕೊಂಡೆ ಸಾರ್." ಜೇಬಿನಿಂದ ಫೋಟೋ ತೆಗೆದು ಕೊಟ್ಟ. ಮುಂದೆ ಮಂಜು ಕವಿದಂಥ ಒಂದು ಮುಖ. ಹಿಂದೆ, ಕೂದಲೆಳೆಯಷ್ಟು ಸ್ಪಷ್ಟವಾಗಿ, ನಲ್ಲಿ. "ಇದು ಯಾರು ಅಂತ ನನ್ನ ಹೆಂಡ್ತೀನೇ ಕೇಳಿದ್ಳು ಸಾರ್."

ಕೋಣೆಯಲ್ಲಿ ನಗು ಹರಡಿತು. ಅಧಿಕಾರಿಯೂ ನಕ್ಕರು. ಸ್ಟುಡಿಯೋದ ಆರೋಪ ಅಲ್ಲಿಗೆ ಅರ್ಧ ಬಿದ್ದುಹೋಯಿತು. ಕರಡಪ್ಪನ ಹೆಂಡತಿ ಮೊದಲ ಸಲ ಕುರ್ಚಿಗೆ ಒರಗಿ ಕೂತಳು.

ಷಡ್ಡಕ ಎದ್ದ. ಕನ್ನಡಕ ಹಾಕಿಕೊಂಡು ಫೈಲಿನ ಫೋಟೋ ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಸುಳಿಯಿತು. ಅಸೂಯೆಯೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. "ಸಾರ್, ನಾನು ಹದಿನೈದು ವರ್ಷದಿಂದ ನೀರಿನ ಫೋಟೋ ತೆಗೀತಿದೀನಿ. ಇದರಲ್ಲಿ ಕೈಚಳಕ ಏನೂ ಇಲ್ಲ. ಸಾವಿರ ಸಲ ಒತ್ತಿದ್ರೆ ಒಂದು ಸಲ ಕುರುಡನಿಗೂ ಬರುತ್ತೆ. ಅಣ್ಣ ಒಳ್ಳೆಯವರು, ಆದ್ರೆ ಇವರಿಗೆ ಇದು ತಲೆಗೆ ಹತ್ತೋದಲ್ಲ. ಕ್ಯಾಮೆರಾನೂ ನಂದೇ, ಪಾಪ ಅಂತ ಕೊಟ್ಟಿದ್ದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಧಿಕಾರಿ ಫೈಲನ್ನು ಮುಚ್ಚಲು ಹೋಗಿ, ಮುಚ್ಚಲಾರದೆ ನಿಂತರು. "ಅಷ್ಟೇ ಆಗಿದ್ರೆ ನನಗೂ ಸಂತೋಷ. ಒಬ್ಬರ ಮನೆ ಕಿತ್ಕೊಳ್ಳೋಕೆ ಯಾರಿಗೆ ಇಷ್ಟ? ಆದ್ರೆ ಇದನ್ನ ನೋಡಿದಷ್ಟೂ ನನಗೆ ನಂಬೋಕೆ ಆಗ್ತಿಲ್ಲ. ನಾನೂ ಪ್ರದರ್ಶನಗಳಿಗೆ ಹೋಗಿದೀನಿ, ಇಂಥದ್ದು ನೋಡಿಲ್ಲ. ಇದು ಹವ್ಯಾಸದೋರ ಕೆಲಸ ಅಲ್ಲ, ಪಳಗಿದ ಕೈ. ದೊಡ್ಡ ಕಲಾವಿದನ ಕೈ." ಕರಡಪ್ಪನ ಕಡೆ ತಿರುಗಿದರು. "ನೀವೇ ಹೇಳಿಬಿಡಿ. ನಿಮ್ಮ ಷಡ್ಡಕರು ಅಂದ ಹಾಗೆ ಕೈತಪ್ಪಿ ಬಂದದ್ದು ಅಂದ್ರೆ ಇವತ್ತೇ ಮುಗಿಸ್ತೀನಿ. ಒಂದೇ ಮಾತು."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ, ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ, ಕರಡಪ್ಪನ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಆಡಿದವರು ಈಗ ಸಿಕ್ಕಿದ್ದರು, ಆರೋಪದ ರೂಪದಲ್ಲಿ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಷಡ್ಡಕನೂ ನೋಡುತ್ತಿದ್ದ, ಮುಗುಳ್ನಗುತ್ತ.

ಕರಡಪ್ಪ ಎದ್ದು ನಿಂತು ಅಂಗಿಯ ತೋಳು ಸರಿಮಾಡಿಕೊಂಡ.

"ಪಳಗಿದ ಕೈ ಸಾರ್" ಎಂದ.

"ಅಣ್ಣ!" ಎಂದ ಷಡ್ಡಕ.

"ಕುರುಡನಿಗೆ ಬರೋದಲ್ಲ ಇದು. ತೊಟ್ಟು ಕಳಚೋದಕ್ಕೆ ಮುಂಚೆ ಒತ್ಬೇಕು. ಲೆಕ್ಕ ಇದೆ. ಮೂರರಲ್ಲಿ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು. ಇಂಥದ್ದು ದಿನಕ್ಕೆ ಹತ್ತು ಬೇಕಾದ್ರೂ ತೆಗೆದು ಕೊಡ್ತೀನಿ ಸಾರ್. ಅಂಗಡಿ ಇಟ್ಕೊಂಡು ಕೂತೋರಿಗೆ ಬರಲ್ಲ. ಬಂಡೆ ಮೇಲೆ ಎರಡು ಗಂಟೆ ಕೂತೋರಿಗಂತೂ ಬರೋದೇ ಇಲ್ಲ."

ಸ್ಟೆನೋ ಅಮ್ಮನ ಪೆನ್ಸಿಲು ಸರಸರನೆ ಓಡುತ್ತಿತ್ತು. ಕಿರಿಯ ಎಂಜಿನಿಯರು ಎಚ್ಚೆತ್ತು ಏನಾಯಿತೆಂದು ಜವಾನನನ್ನು ಕೇಳಿದರು. ಜವಾನ ಹಣೆ ಚಚ್ಚಿಕೊಂಡ.

"ಯೋಚಿಸಿ ಹೇಳ್ತಿದೀರಾ?" ಎಂದರು ಅಧಿಕಾರಿ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಬರೆದು ಕೊಡ್ತೀನಿ ಸಾರ್."

ಬರೆದು ಕೊಟ್ಟ. ಸಹಿ ಹಾಕಿದ ಮೇಲೆ, ವಿಚಾರಣಾಧಿಕಾರಿಯ ಅಭಿಪ್ರಾಯವಿದ್ದ ಪುಟದ ದೃಢೀಕೃತ ನಕಲು ಬೇಕೆಂದು ಕೇಳಿದ. "ಪಳಗಿದ ಕೈ, ದೊಡ್ಡ ಕಲಾವಿದನ ಕೈ" ಎಂಬ ಮಾತಿನ ಕೆಳಗೆ ಮೊಹರು ಬಿತ್ತು.

ಷಡ್ಡಕ ಕಾರು ಹತ್ತಿ ಹೊರಟುಹೋದ. ಗಂಡ ಹೆಂಡತಿ ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ನಡೆದು ಬಂದರು. ಅರ್ಧ ದಾರಿಯಲ್ಲಿ ಕರಡಪ್ಪ ನಕಲನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕೊಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಕಣೇ" ಎಂದ.

"ಯಾವ ಗೋಡೆಗೆ?" ಎಂದಳು ಅವಳು.

ಆದೇಶ ಮೂರು ದಿನದಲ್ಲಿ ಬಂತು. ತಿಂಗಳ ಕೊನೆಯ ಶನಿವಾರ ಅವರು ಮನೆ ಖಾಲಿ ಮಾಡಿದರು.